ನೀರಗಂಟಿ ಮಾರೆಣ್ಣನ ಹೊಸ ಕ್ಲಚ್ಚು

ಕುರುಗೋಡಿನಲ್ಲಿ ಮಾರೆಣ್ಣನಿಗೆ ಬೈಯದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ಪಾಪ, ಅವನ ತಪ್ಪೇನೂ ಇರಲಿಲ್ಲ. ಅವನು ಊರಿಗೆ ನೀರು ಬಿಡುವ ನೀರಗಂಟಿ. ಮೇಲಿನ ಓಣಿಗೆ ಬಿಟ್ಟರೆ ಕೆಳಗಿನ ಓಣಿಯವರು ಬೈಯುತ್ತಿದ್ದರು, ಕೆಳಗಿನ ಓಣಿಗೆ ಬಿಟ್ಟರೆ ಮೇಲಿನವರು ಖಾಲಿ ಕೊಡ ಹಿಡಿದು ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಮೀಸೆ ಕರ್ರಗಿದ್ದಾಗ ಹಿಡಿದ ವಾಲ್ವ್ ಕೀಲಿಯನ್ನು ಮೀಸೆ ಪೂರಾ ಬೆಳ್ಳಗಾದ ಮೇಲೆ ಕೆಳಗಿಟ್ಟು ನಿವೃತ್ತನಾದ. ಅಷ್ಟು ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಬೈಗುಳ ಒಂದೇ.

ಆದರೂ ಆ ಕೆಲಸದ ಮೇಲೆ ಅವನಿಗೆ ಬಲು ಅಭಿಮಾನ. ಅವನ ಅಜ್ಜಿಯ ಕಾಲದಲ್ಲಿ ಅವರ ಕೇರಿಯವರು ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಸೇದಿ ಹಾಕಲಿ ಎಂದು ಕಾಯುತ್ತಿದ್ದರಂತೆ. ಅದೇ ಅಜ್ಜಿಯ ಮೊಮ್ಮಗನ ಕೈಗೆ ಊರಿನ ಅಷ್ಟೂ ನಲ್ಲಿಗಳ ಕೀಲಿ ಬಂದಿತ್ತು. ಇದನ್ನು ಅವನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಿದವನಲ್ಲ. ಬುಲೆಟ್ ಗಾಡಿಯ ಮೇಲೆ ಕುಳಿತು, ವಾಲ್ವ್ ಕೀಲಿಯನ್ನು ಪಕ್ಕಕ್ಕೆ ಕಟ್ಟಿಕೊಂಡು, ಬಜಾರಿನ ನಟ್ಟನಡುವೆ ಢಗಢಗ ಎಂದು ಹೋಗುತ್ತಿದ್ದನಷ್ಟೇ. ಸಿರುಗುಪ್ಪದ ಒಬ್ಬ ನಿವೃತ್ತ ಪೊಲೀಸರಿಂದ ಕೊಂಡ ಹಳೆಯ ಗಾಡಿ ಅದು. ಮಗಳು ಜಯಶ್ರೀ ಸಾಲಿ ಕಲಿಯುತ್ತಿದ್ದಾಗ ಮನೆಗೆ ಬಂದದ್ದು, ಅವಳ ಮದುವೆಯಾಗಿ ಅವಳ ಮಗಳು ಮೀನಾ ಸಾಲಿಗೆ ಹೋಗುವಾಗಲೂ ಹಾಗೇ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಯಂಕಮ್ಮ. ಆ ಸೀಟಿಗೆ ಬೇರೆ ಯಾರೂ ಹಕ್ಕುದಾರರಿರಲಿಲ್ಲ.

ಮಾರೆಣ್ಣನಿಗೆ ಒಂದು ಚಟ ಇತ್ತು. ಸಡಿಲ ಇದ್ದದ್ದು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಸಡಿಲ ಎಂದರೆ ಸೋರಿಕೆ, ಸೋರಿಕೆ ಎಂದರೆ ಬೈಗುಳ. ಜೀವಮಾನವಿಡೀ ಕಲಿತ ಪಾಠ. ಯಾರ ಮನೆಗೆ ಹೋದರೂ ನಲ್ಲಿ ಒಮ್ಮೆ ಬಿಗಿ ಮಾಡಿಯೇ ಚಹಾ ಕುಡಿಯುತ್ತಿದ್ದ. ಬೀಗರ ಮನೆಯಲ್ಲಿ ಹೀಗೇ ಬಿಗಿ ಮಾಡಲು ಹೋಗಿ ನಲ್ಲಿಯ ತಲೆಯನ್ನೇ ಮುರಿದು ಕೈಗೆ ಕೊಟ್ಟಿದ್ದ. ಯಂಕಮ್ಮ ಆ ಕಥೆಯನ್ನು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಯಂಕಮ್ಮನ ಕಿಡ್ನಿ ಕೈಕೊಟ್ಟದ್ದು ಅವನು ನಿವೃತ್ತನಾದ ಮೇಲೆ. ವಾರಕ್ಕೆ ಎರಡು ಸಲ ಬಳ್ಳಾರಿಯ ಆಸ್ಪತ್ರೆಗೆ ಹೋಗಿ ಮೆಷಿನ್ ಹಚ್ಚಿಸಿಕೊಂಡು ರಕ್ತ ತೊಳೆಸಬೇಕು. ಮೈಯೊಳಗೆ ಹೋದ ನೀರು ತಾನಾಗಿ ಹೊರಗೆ ಬರುವುದಿಲ್ಲ. ಒಂದು ಪಾಳಿ ತಪ್ಪಿದರೆ ಕಾಲು ಬಾತು, ಎದೆಗೆ ನೀರು ಏರಿ, ಉಸಿರು ಸಿಕ್ಕುತ್ತದೆ. ಹಾಗಾಗಿ ಕುಡಿಯುವ ನೀರಿಗೂ ಲೆಕ್ಕ. ಊರಿಗೆಲ್ಲ ನೀರು ಬಿಟ್ಟವನ ಹೆಂಡತಿಗೆ ದಿನಕ್ಕೆ ಎರಡು ಲೋಟ! ಆ ಎರಡು ಲೋಟವನ್ನು ಅಳೆದು ಕೊಡುವವನೂ ಅವನೇ. ದೇವರು ಅನ್ನುವವನಿದ್ದರೆ ಅವನಿಗೆ ಇಂಥ ಚೇಷ್ಟೆ ಬೇಕಿತ್ತೇ, ನೀವೇ ಹೇಳಿ.

ಅವಳ ಎಡ ಮುಂಗೈಯಲ್ಲಿ ಮೆಷಿನ್ನಿನ ಸೂಜಿಗಾಗಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ. "ಅಲ್ಲಿ ಬೆರಳಿಟ್ಟರ ಜುಮುಜುಮು ಅನಬೇಕು, ಕಿವಿ ಇಟ್ಟರ ಸದ್ದು ಕೇಳಬೇಕು. ದಿನಾ ಎರಡು ಹೊತ್ತು ನೋಡ್ರಿ. ನಿಂತೈತಿ ಅನಿಸಿದ್ರ ಹೊತ್ತು ಮಾಡದಂಗ ಓಡಿ ಬರ್ರಿ," ಎಂದು ಆಸ್ಪತ್ರೆಯ ನರ್ಸ್ ನಂದಿನಿ ಮೊದಲ ದಿನವೇ ಹೇಳಿದ್ದಳು. ಅಂದಿನಿಂದ ಮುಂಜಾನೆ, ಸಂಜೆ ಹೆಂಡತಿಯ ಪಕ್ಕ ಕುಳಿತು ಎಡಗೈಯ ಎರಡು ಬೆರಳಿಟ್ಟು ನೋಡುವುದು ಮಾರೆಣ್ಣನ ಕೆಲಸವಾಯಿತು. "ಐತೇನ್ರಿ?" ಎಂದು ಅವಳು ಕೇಳಬೇಕು, "ಐತಿ," ಎಂದು ಅವನು ಹೇಳಬೇಕು. ಆಮೇಲೆಯೇ ಮನೆಯಲ್ಲಿ ಒಲೆ ಹೊತ್ತುತ್ತಿತ್ತು.

ಎಲ್ಲ ಸರಿಯಾಗಿಯೇ ಇತ್ತು, ಆ ಎಡಗೈ ಒಂದು ಬಿಟ್ಟು. ವಾಲ್ವ್ ತಿರುವಿ ತಿರುವಿ ಮಣಿಕಟ್ಟಿನ ನರ ಒತ್ತಿಹೋಗಿದೆ ಎಂದರು, ಮನೆಯಲ್ಲಿ ಹೇಳದೆ ಹೋಗಿ ತೋರಿಸಿಕೊಂಡ ಡಾಕ್ಟರು. ಮೊದಲು ಬೆರಳ ತುದಿ ಜೋಮು ಹಿಡಿಯಿತು. ಆಮೇಲೆ ಹಿಡಿದ ಲೋಟ ಜಾರತೊಡಗಿತು. ಒಂದು ಸಂಜೆ ಯಂಕಮ್ಮನ ಮುಂಗೈ ಮೇಲೆ ಬೆರಳಿಟ್ಟರೆ ಏನೂ ಇಲ್ಲ! ಮಾರೆಣ್ಣನ ಜೀವ ಹಾರಿಹೋಯಿತು. ಅವಳನ್ನು ಎಬ್ಬಿಸುವ ನೆಪದಲ್ಲಿ ಬಲಗೈಯಿಂದ ಮುಟ್ಟಿ ನೋಡಿದ. ಜುಮುಜುಮು ಎನ್ನುತ್ತಿತ್ತು. ಸತ್ತದ್ದು ಅವನ ಬೆರಳು. ಬಲಗೈಯಲ್ಲೇ ನೋಡಿದರಾಯಿತಲ್ಲ ಅಂತೀರಾ? ಎಡಗೈ ಯಾಕೆ ಬಿಟ್ಟಿರಿ ಎಂದು ಅವಳು ಕೇಳಿದರೆ? ಎಡಗೈ ಹೋಗಿದೆ ಎಂದು ಗೊತ್ತಾದರೆ ಬುಲೆಟ್ಟಿನ ಹಿಂದೆ ಯಾರು ಕೂರುತ್ತಾರೆ? ಅದಕ್ಕೇ ದಿನಾ ಎಡಗೈ ಇಟ್ಟು "ಐತಿ" ಅನ್ನುತ್ತಿದ್ದ, ಆಮೇಲೆ ಕೈ ಹಿಡಿದು ಎಬ್ಬಿಸುವಾಗ ಕಳ್ಳನಂತೆ ಬಲಗೈಯಲ್ಲಿ ನೋಡಿಕೊಳ್ಳುತ್ತಿದ್ದ.

ಗಾಡಿಯ ಮುಂದೆ ಮಾತ್ರ ಈ ಕಳ್ಳಾಟ ನಡೆಯಲಿಲ್ಲ. ಬುಲೆಟ್ಟಿನ ಕ್ಲಚ್ಚು ಮೊದಲೇ ಕಲ್ಲು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬಳ್ಳಾರಿಯ ಸರ್ಕಲ್ಲಿನಲ್ಲಿ ಗೇರಿನಲ್ಲಿ ನಿಂತಿದ್ದಾಗ ಲಿವರ್ ಬೆರಳಿಂದ ಜಾರಿತು. ಗಾಡಿ ಚಂಗನೆ ಮುಂದಕ್ಕೆ ನೆಗೆಯಿತು, ಹಿಂದಿದ್ದ ಯಂಕಮ್ಮ ರಸ್ತೆಗೆ ಬಿದ್ದಳು. ಬಲ ಮೊಣಕೈ ತರಚಿ ರಕ್ತ ಬಂತು. ಹೊಲಿಗೆಯ ಕೈ ಉಳಿದದ್ದು ಪುಣ್ಯ. ಸುದ್ದಿ ಮಗಳನ್ನು ಕೊಟ್ಟ ಊರು ಸಿರುಗುಪ್ಪ ಸೇರಿತು. ಮರುದಿನದ ಮೊದಲ ಬಸ್ಸಿಗೇ ಜಯಶ್ರೀ ಬಂದಿಳಿದಳು.

"ಅಪ್ಪ, ನಿನಗ ಸಿಟ್ಟು ಬಂದರೂ ಚಿಂತಿಲ್ಲ. ನಮ್ಮೂರ ದವಾಖಾನ್ಯಾಗೂ ಈಗ ಮೆಷಿನ್ ಐತಿ. ನಮ್ಮನಿಯಿಂದ ನಡಕೊಂಡ್ ಹೋಗೋವಷ್ಟು ದೂರ. ಇನ್ನೊಂದ್ ಸಾರಿ ಹಿಂಗಾತಂದ್ರ ಅವ್ವನ್ನ ಕರಕೊಂಡ್ ಹೋಗಿಬಿಡ್ತೀನಿ."

"ನಾನು?"

"ನೀನೂ ಬಾ. ಯಾರು ಬ್ಯಾಡ ಅಂದ್ರು?"

ಅಳಿಯನ ಮನೆಯಲ್ಲಿ ಹೋಗಿ ಕೂರುವುದೇ? ಅದೂ ಮಾರೆಣ್ಣ? ಗಾಡಿ ಮಾರಿ ಸ್ಕೂಟಿ ತಗೊಳ್ಳಿ ಎಂದಳು ಮಗಳು. ಅದಕ್ಕೆ ಯಂಕಮ್ಮನೇ ಅಡ್ಡಬಂದಳು: "ಆ ಸ್ಕೂಟಿ ಮ್ಯಾಲ ಕುಂತ್ರ ಬುಟ್ಟ್ಯಾಗ ಕೋಳಿ ಕುಂತಂಗ ಆಗತೈತಿ. ಸಣ್ಣ ಗಾಲಿ, ಎತ್ತೆತ್ತಿ ಒಗಿತೈತಿ. ಮೆಷಿನ್ ಹಚ್ಚಿಸ್ಕೊಂಡ ಮೈಗೆ ಆಗಂಗಿಲ್ಲ." ಮಗಳು ಹೋದ ಮೇಲೆ ಮಾರೆಣ್ಣನ ಎದೆಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು: ಇನ್ನೊಂದ್ ಸಾರಿ. ಇನ್ನೊಂದು ಸಾರಿ ಎಡವಿದರೆ ಈ ಮನೆಯಲ್ಲಿ ಮುಂಜಾನೆ "ಐತೇನ್ರಿ" ಎಂದು ಕೇಳುವವರು ಇರುವುದಿಲ್ಲ.

ದಾರಿ ತೋರಿಸಿದವನು ಬಳ್ಳಾರಿಯ ಮೆಕ್ಯಾನಿಕ್ ಹುಲುಗೇಶ. ಸಿರುಗುಪ್ಪ ರಸ್ತೆಯಲ್ಲಿ ಅವನ ಗ್ಯಾರೇಜು, ಬುಲೆಟ್ಟುಗಳೆಂದರೆ ಅವನೇ. "ಮಾಮ, ಈ ವೈರು ತಗದು ಒಗೀರಿ. ಹೈಡ್ರಾಲಿಕ್ ಹಾಕ್ತೀನಿ. ಹ್ಯಾಂಡಲ್ ಮ್ಯಾಲ ಒಂದು ಎಣ್ಣಿ ಡಬ್ಬಿ, ಅಲ್ಲಿಂದ ಕೆಳಗ ಒಂದು ಪೈಪು. ನೀವು ಲಿವರ್ ಒತ್ತಿದ್ರ ಎಣ್ಣಿ ತಳ್ಳತೈತಿ, ಎಣ್ಣಿ ಕ್ಲಚ್ ಬಿಡಸತೈತಿ. ಬೆಣ್ಣಿ ಹಿಡಿದಂಗ ಇರತೈತಿ ನೋಡ್ರಿ." ಹೇಳಿದಂತೆಯೇ ಮಾಡಿಕೊಟ್ಟ. ಕಡೆಗೆ ಲಿವರಿನ ಬುಡದ ಸಣ್ಣ ಸ್ಕ್ರೂ ಒಂದನ್ನು ಕೂಡಿಸಿ, ಅದರ ತಲೆಗೆ ಕೆಂಪು ನೇಲ್‌ಪಾಲಿಶ್ ಒಂದು ಹನಿ ಹಚ್ಚಿದ. "ಇದು ನನ್ನ ಸೀಲು. ಇದನ್ನ ಮಾತ್ರ ಮುಟ್ಟಬ್ಯಾಡ್ರಿ," ಎಂದ. ಯಾಕೆ ಎಂದು ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ, ಕೇಳಲು ಮಾರೆಣ್ಣನಿಗೆ ಮನಸ್ಸಿರಲಿಲ್ಲ.

ಲಿವರ್ ಬೆಣ್ಣೆಯೇನೋ ನಿಜ. ಆ ಬೆಣ್ಣೆಯೇ ಗಂಟಲಿಗೆ ಸಿಕ್ಕಿಕೊಂಡಿತು. ಹಳೆಯ ವೈರು ಕಲ್ಲಾಗಿದ್ದರೂ ಮಾತಾಡುತ್ತಿತ್ತು. ಬೆರಳು ಬಿಡುತ್ತಾ ಬಂದಂತೆ, ಲಿವರ್ ಇನ್ನೇನು ಪೂರಾ ಹೊರಗೆ ಬಂತು ಅನ್ನುವಾಗ ಕ್ಲಚ್ಚು ಹಿಡಿಯುತ್ತಿತ್ತು, ಹಿಡಿಯುವ ಮುಂಚೆ ಅಂಗೈಗೆ ಕಿರಕಿರ ಎಂದು ತಿಳಿಸುತ್ತಿತ್ತು. ಈ ಹೊಸದು ಮೂಗಿ. ಲಿವರ್ ಇನ್ನೂ ಹ್ಯಾಂಡಲ್ಲಿನ ಹಿಡಿಯ ಹತ್ತಿರ ಇರುವಾಗಲೇ, ಬೆರಳು ಸ್ವಲ್ಪ ಸಡಿಲಾದರೆ ಸಾಕು, ಗಬಕ್ಕನೆ ಹಿಡಿದುಬಿಡುತ್ತಿತ್ತು. ಜೋಮು ಹಿಡಿದ ಬೆರಳಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು? ಒಮ್ಮೆ ಗಾಡಿ ನೆಗೆಯುವುದು, ಒಮ್ಮೆ ಆಫ್ ಆಗುವುದು. ಮುಂಜಾನೆ ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಒಬ್ಬನೇ ಹೋಗಿ, ನಿಂತು ಹೊರಡುವುದು, ಮತ್ತೆ ನಿಂತು ಹೊರಡುವುದು ಮಾಡಿದ. ಸಣ್ಣ ಮಕ್ಕಳ ಸೈಕಲ್ ಕಲಿಕೆಯೂ ಇದಕ್ಕಿಂತ ಮರ್ಯಾದೆಯದು. ಬಜಾರಿನಲ್ಲಿ ಒಂದು ದಿನ ಗಾಡಿ ಮೂರು ಹೆಜ್ಜೆಗೊಮ್ಮೆ ಆಫ್ ಆಯಿತು. ಕಿರಾಣಿ ಅಂಗಡಿಯ ದೊಡ್ಡಬಸಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಕೂಗಿದ:

"ಏನ್ ಮಾರೆಣ್ಣ, ಇವತ್ತು ಲೈನ್ ಬಂದ್ ಐತೇನು? ನೀರಿನಂಗ ಎಂಟು ದಿನಕ್ಕೊಮ್ಮೆ ಬಿಡ್ತೀಯೇನು ಗಾಡಿನೂ?"

ಬಜಾರೆಲ್ಲ ನಕ್ಕಿತು. ಮಾರೆಣ್ಣನೂ ನಕ್ಕ, ಏನು ಮಾಡುವುದು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮನೆಗೆ ಬಂದು ಗಾಡಿ ನಿಲ್ಲಿಸಿ ಅದರ ಕೀಲಿಯನ್ನು ಗೂಟಕ್ಕೆ ಹಾಕಿದ. ಯಂಕಮ್ಮನನ್ನು ಕೂರಿಸಿಕೊಂಡು ಬಳ್ಳಾರಿಯ ಸಂತೆಯಂಥ ಟ್ರಾಫಿಕ್ಕಿನಲ್ಲಿ ಹೀಗಾದರೆ ಗತಿಯೇನು? ಆ ವಾರ ಎರಡೂ ಪಾಳಿಗೆ ಏನೇನೋ ನೆಪ ಹೇಳಿ ಬಾಡಿಗೆ ಆಟೋದಲ್ಲಿ ಕರೆದುಕೊಂಡು ಹೋದ. ಯಂಕಮ್ಮ ಆಟೋದ ಹಿಂದಿನ ಸೀಟಿನಲ್ಲಿ ಸೆರಗು ಬಿಗಿದುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮುಂದಿನ ಪಾಳಿಯ ಹಿಂದಿನ ಸಂಜೆ ಅಂಗಳದಲ್ಲಿ ಗಾಡಿ ಒರೆಸುತ್ತ ಲಿವರ್ ಅಲ್ಲಾಡಿಸಿ ನೋಡಿದ. ತುದಿಯಲ್ಲಿ ಲೊಡಲೊಡ ಅನ್ನುತ್ತಿತ್ತು. ಸಡಿಲ! ಅಯ್ಯೋ, ಇದೇ ಅಲ್ಲವೇ ರೋಗ? ಹುಡುಗ ಅವಸರದಲ್ಲಿ ಸರಿಯಾಗಿ ಬಿಗಿ ಮಾಡಿಲ್ಲ. ಮಾರೆಣ್ಣ ಪಾನಾ ತಂದು ನಟ್ಟು ಸಡಿಲಿಸಿ, ಸ್ಕ್ರೂ ಒಳಕ್ಕೆ ತಿರುಗಿಸಿದ. ಕೆಂಪು ಸೀಲು ಪಟ್ಟನೆ ಒಡೆಯಿತು. ಲೊಡಲೊಡ ನಿಲ್ಲುವ ತನಕ ತಿರುಗಿಸಿದ, ನಿಂತ ಮೇಲೂ ವಾಲ್ವ್ ಬಂದ್ ಮಾಡುವವನ ಅಭ್ಯಾಸದಂತೆ ಇನ್ನೊಂದು ಚೂರು ಬಿಗಿದ. ಗಾಡಿ ಚಾಲೂ ಮಾಡಿ ನೋಡಿದರೆ, ಆಹಾ! ಕ್ಲಚ್ಚು ಹಿಡಿಯುವ ಜಾಗ ಹಿಡಿಯಿಂದ ದೂರ ಸರಿದು, ಹಳೆಯ ವೈರು ಹಿಡಿಯುತ್ತಿದ್ದಲ್ಲಿಗೇ ಬಂದು ಕೂತಿತ್ತು. ಕೈ ತನ್ನ ಗುರುತಿನವರನ್ನು ಕಂಡಂತೆ ನಿರಾಳವಾಯಿತು. ಹುಲುಗೇಶ ನೋಡಿದರೆ ಏನೆಂದಾನು ಎಂದು, ರಜೆಗೆ ಬಂದಾಗ ಮೀನಾ ಬಿಟ್ಟುಹೋಗಿದ್ದ ನೇಲ್‌ಪಾಲಿಶ್ ಹುಡುಕಿ ಸ್ಕ್ರೂ ತಲೆಗೆ ಒಂದು ಹನಿ ಹಚ್ಚಿದ. ಅದು ಗುಲಾಬಿ ಬಣ್ಣದ್ದು. ಕತ್ತಲಾಗುತ್ತಿತ್ತು, ಅವನಿಗೆ ಅಷ್ಟು ಕಾಣಲಿಲ್ಲ.

"ನಾಳಿ ಗಾಡಿ ಮ್ಯಾಲ ಹೋಗೂಣು," ಎಂದು ಒಳಗೆ ಬಂದು ಹೇಳಿದ.

ಯಂಕಮ್ಮ ಅವನ ಬೆರಳನ್ನೊಮ್ಮೆ ನೋಡಿದಳು, ಮುಖವನ್ನೊಮ್ಮೆ ನೋಡಿದಳು. "ಹೋಗೂಣು," ಎಂದಳು.

ಏಪ್ರಿಲ್ ತಿಂಗಳು. ಬಳ್ಳಾರಿ ಸೀಮೆಯ ಏಪ್ರಿಲ್ ಎಂದರೆ ಹೇಳುವುದೇ ಬೇಡ, ಹೊತ್ತು ಏರುವಷ್ಟರಲ್ಲಿ ರಸ್ತೆ ಹಂಚಾಗಿರುತ್ತದೆ. ಪಾಳಿ ಮಧ್ಯಾಹ್ನದ್ದು, ತಡವಾದರೆ ಕಾದು ಕೂತ ಬೇರೆಯವರಿಗೆ ಮೆಷಿನ್ ಹೋಗುತ್ತದೆ, ಮತ್ತೆ ಸಿಗುವುದು ಯಾವಾಗಲೋ. ಮಾರೆಣ್ಣ ಬೇಗನೇ ಹೊರಟ. ಊರಿನ ಗುಡ್ಡ ಹಿಂದಾಯಿತು. ಗೇರು ಒಂದಾದ ಮೇಲೊಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿದ್ದವು. ಯಂಕಮ್ಮನ ಕೈ ಮೊದಲಿನ ಹಾಗೆ ಅವನ ಹೆಗಲ ಮೇಲೆ ಬಂತು. ಬಹಳ ದಿನಗಳ ಮೇಲೆ ಮಾರೆಣ್ಣನಿಗೆ ಸೀಟಿ ಹೊಡೆಯುವಷ್ಟು ಖುಷಿಯಾಯಿತು.

ಖುಷಿ ಕಾಲುವೆಯ ತನಕ ಉಳಿಯಿತು. ಮುಂದೆ ಭತ್ತ ಕೊಯ್ಯುವ ದೊಡ್ಡ ಮೆಷಿನ್ ಒಂದು ರಸ್ತೆ ತುಂಬ ಹರಡಿಕೊಂಡು ಆಮೆಯ ಹಾಗೆ ಹೋಗುತ್ತಿತ್ತು. ಅದರ ಹಿಂದೆ ನಿಲ್ಲುವುದು, ಎರಡು ಮಾರು ಹೋಗುವುದು, ಮತ್ತೆ ನಿಲ್ಲುವುದು. ಮೇಲೆ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಕಡೆಗೆ ಕಾಲುವೆ ಸೇತುವೆಯ ಬಳಿ ಅದು ಗದ್ದೆಗೆ ಇಳಿದು ದಾರಿ ಬಿಟ್ಟಿತು. ಮಾರೆಣ್ಣ ಆಕ್ಸಿಲೇಟರ್ ತಿರುವಿದ. ಎಂಜಿನ್ ಭೋರ್ ಎಂದು ಕೂಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಮತ್ತೆ ತಿರುವಿದ. ಕೂಗು ಹೆಚ್ಚಾಯಿತು, ಓಟ ಕಡಿಮೆಯಾಯಿತು. ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯಿತು. ಸೇತುವೆಯ ನಡುವೆ ಗಾಡಿ ತೆವಳಿ ತೆವಳಿ ನಿಂತೇಬಿಟ್ಟಿತು.

"ಏನಾತ್ರೀ?"

"ಏನಿಲ್ಲ. ಕಾದೈತಿ. ಇಳಿ ಸ್ವಲ್ಪ."

ಮಾರೆಣ್ಣ ಸೇತುವೆ ದಾಟಿ ಗಾಡಿಯನ್ನು ತಳ್ಳಿಕೊಂಡು ಒಂದು ಜಾಲಿಗಿಡದ ಚೂರು ನೆರಳಿಗೆ ನಿಲ್ಲಿಸಿದ. ಯಂಕಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು ಕಲ್ಲಿನ ಮೇಲೆ ಕೂತಳು. ಅವಳ ಕಾಲು ಆಗಲೇ ಬಾತಿದ್ದವು, ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಬಸ್ಸು ಆಗತಾನೇ ಹೋಗಿತ್ತು. ಮುಂದಿನದು ಬಂದು ಬಳ್ಳಾರಿ ಸೇರುವಷ್ಟರಲ್ಲಿ ಪಾಳಿ ಹೋಗಿರುತ್ತದೆ. ಮಾರೆಣ್ಣ ಹುಲುಗೇಶನಿಗೆ ಫೋನ್ ಹಚ್ಚಿದ.

ಹುಲುಗೇಶ ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದೇ ಅದು: "ಮಾಮ, ಆ ಸ್ಕ್ರೂ ಏನಾರ ಮುಟ್ಟಿದ್ರೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಮಾರೆಣ್ಣನ ಕೈ ತಾನಾಗಿ ಲಿವರಿನ ಬುಡಕ್ಕೆ ಹೋಯಿತು. "ಇಲ್ಲಪ, ನಾ ಯಾಕ್ ಮುಟ್ಟಲಿ?" ಎಂದ.

"ಮುಟ್ಟಿಲ್ಲಂದ್ರ ಕ್ಲಚ್ ಪ್ಲೇಟ್ ಸುಟ್ಟಾವು. ದಾರ್ಯಾಗ ಏನೂ ಮಾಡಾಕ ಬರಂಗಿಲ್ಲ. ಸುಮ್ಮನ ಆಕ್ಸಿಲೇಟರ್ ತಿರುವ್ಕೊಂತ ಕುಂಡ್ರಬ್ಯಾಡ್ರಿ, ಗೂಡ್ಸ್ ಆಟೋ ಕಳಸ್ತೀನಿ. ಆದ್ರ ಆಟೋ ಕುಡತಿನಿಗೆ ಹೋಗೈತಿ, ಬರಾಕ ಮಧ್ಯಾಹ್ನ ಆಗತೈತಿ."

ಮಧ್ಯಾಹ್ನ! ಪಾಳಿಯ ಹೊತ್ತೂ ಅದೇ! ಅದೇ ಹೊತ್ತಿಗೆ ಯಂಕಮ್ಮನ ಮೊಬೈಲು ಬಡಿದುಕೊಂಡಿತು. ಜಯಶ್ರೀ. ಪಾಳಿಯ ದಿನ ಈ ಹೊತ್ತಿಗೆ ತಪ್ಪದೆ ಮಾಡುತ್ತಾಳೆ. ಮಾರೆಣ್ಣ ಹೆಂಡತಿಯ ಮುಖ ನೋಡಿದ. ಈಗ ಅವಳು ಒಂದು ಮಾತು ಅಂದರೆ ಮುಗಿಯಿತು. ಸಂಜೆಯೊಳಗೆ ಮಗಳು ಬರುತ್ತಾಳೆ, ನಾಳೆ ಯಂಕಮ್ಮನ ಬಟ್ಟೆಯ ಚೀಲ ಸಿರುಗುಪ್ಪದ ಬಸ್ಸು ಹತ್ತುತ್ತದೆ. ಯಂಕಮ್ಮ ಫೋನು ನೋಡಿದಳು, ಬಡಿದುಕೊಳ್ಳಲು ಬಿಟ್ಟಳು. ನಿಧಾನ ಎದ್ದು ಬಂದು ಗಂಡನ ಕೈಯಿಂದ ಅವನ ಫೋನು ತಗೊಂಡಳು. ಹುಲುಗೇಶ ಇನ್ನೂ ಲೈನಿನಲ್ಲಿದ್ದ.

"ಹುಲುಗೇಶ, ಮುಟ್ಯಾರಪ ಅವರು. ಚಲೋತ್ನಾಗ ಮುಟ್ಯಾರ."

"ಲೇ!" ಎಂದ ಮಾರೆಣ್ಣ.

"ಏನ್ ಲೇ? ಕೆಂಪು ಇದ್ದದ್ದು ರಾತ್ರೋರಾತ್ರಿ ಗುಲಾಬಿ ಹೆಂಗಾತು? ನಿಮ್ಮ ಹೆಬ್ಬೆಟ್ಟಿಗೆ ಇನ್ನೂ ಐತಿ ನೋಡ್ಕೊಳ್ರಿ ಬಣ್ಣ. ಬೀಗರ ಮನಿ ನಲ್ಲಿ ಮುರದ ಕೈ ಅಲ್ಲೇನು ಇದು!"

ಮಾರೆಣ್ಣ ಹೆಬ್ಬೆಟ್ಟು ನೋಡಿಕೊಂಡ. ಗುಲಾಬಿ ಚುಕ್ಕೆ ಬಿಸಿಲಲ್ಲಿ ಚಂದವಾಗಿ ಹೊಳೆಯುತ್ತಿತ್ತು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು ಅವನಿಗೆ.

ಫೋನಿನಲ್ಲಿ ಹುಲುಗೇಶ ಹೋ ಎಂದು ನಕ್ಕ. "ಅಯ್ಯ ಮಾಮ, ಮೊದಲ ಹೇಳಬಾರದೇನ್ರಿ, ಜೀವ ಬಂತು ನೋಡ್ರಿ ನನಗ! ಪ್ಲೇಟ್ ಸುಟ್ಟಿಲ್ಲ. ಕೇಳ್ರಿಲ್ಲೆ. ಬಿಸಿಲಿಗೆ ಎಣ್ಣಿ ಕಾದು ಉಬ್ಬತೈತಿ. ಉಬ್ಬಿದ ಎಣ್ಣಿ ವಾಪಸ್ ಡಬ್ಬಿಗೆ ಹೋಗಾಕ ಒಂದು ಸಣ್ಣ ತೂತೈತಿ. ಲಿವರ್ ಲೊಡಲೊಡ ಅಂದ್ರ ಆ ತೂತು ತೆರದೈತಿ ಅಂತ ಅರ್ಥ. ನೀವು ಬಿಗಿ ಮಾಡಿ ಅದನ್ನ ಮುಚ್ಚಿಬಿಟ್ಟೀರಿ. ಎಣ್ಣಿ ಹೋಗಾಕ ದಾರಿ ಇಲ್ಲ, ಒಳಗಿಂದ ತಾನ ಕ್ಲಚ್ ಒತ್ತಿ ಹಿಡದೈತಿ. ನೀವು ಕೈ ಬಿಟ್ಟರೂ ಅದು ಬಿಟ್ಟಿಲ್ಲ."

ಪೈಪಿನಲ್ಲಿ ಒತ್ತಡ ಏರಿದರೆ ಏನಾಗುತ್ತದೆ ಎಂದು ಮಾರೆಣ್ಣನಿಗೆ ಹೇಳಬೇಕೇ? ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದವನು! ಅವನು ಹಣೆ ಹಣೆ ಬಡಿದುಕೊಂಡ.

"ಹಣಿ ಆಮ್ಯಾಲ ಬಡ್ಕೊಳ್ರಿ, ಸ್ಕ್ರೂ ಬಿಚ್ರಿ ಮೊದಲು," ಎಂದಳು ಯಂಕಮ್ಮ.

ನಿನ್ನೆ ಬಿಗಿದ ಬಿಗಿತಕ್ಕೆ ನಟ್ಟು, ಸ್ಕ್ರೂ ಎರಡೂ ಒಟ್ಟಿಗೇ ತಿರುಗುತ್ತಿದ್ದವು; ಎಡಗೈಯಲ್ಲಿ ಪಾನಾದಿಂದ ನಟ್ಟು ಹಿಡಿದು ಬಲಗೈಯಲ್ಲಿ ಸ್ಕ್ರೂ ತಿರುಗಿಸಬೇಕು. ಪಾನಾ ಜಾರಿತು. ಎತ್ತಿ ಹಿಡಿದ, ಮತ್ತೆ ಜಾರಿತು. ಮೂರನೆಯ ಸಲ ಅದು ಮಣ್ಣಿಗೆ ಬಿದ್ದಾಗ ಮಾರೆಣ್ಣ ಅದನ್ನು ಎತ್ತಲು ಹೋಗಲಿಲ್ಲ. ಎಡಗೈ ಎತ್ತಿ ಅವಳಿಗೆ ತೋರಿಸಿದ.

"ನನ್ನ ಎಡಗೈ ಹೋಗೈತಿ ಯಂಕಮ್ಮ," ಎಂದ. "ಬೆರಳಿಗೆ ಏನೂ ತಿಳಿಯಂಗಿಲ್ಲ. ಭಾಳ ದಿನ ಆತು. ನಿನ್ನ ಕೈ ಮ್ಯಾಲ ಇಟ್ಟಾಗೂ ತಿಳಿಯಂಗಿಲ್ಲ. ಸುಳ್ಳು ಐತಿ ಐತಿ ಅಂದೀನಿ."

ಯಂಕಮ್ಮ ಬಗ್ಗಿ ಪಾನಾ ಎತ್ತಿಕೊಂಡಳು. ಸೆರಗಿನಿಂದ ಮಣ್ಣು ಒರೆಸಿ ನಟ್ಟಿಗೆ ಕೂಡಿಸಿ, ಬಲಗೈಯಲ್ಲಿ ಗಟ್ಟಿ ಹಿಡಿದಳು. "ತಿರುವ್ರಿ," ಎಂದಳು, ಅಷ್ಟೇ.

ಸ್ಕ್ರೂ ಹೊರಕ್ಕೆ ಬಂದಂತೆ ಲಿವರ್ ಮತ್ತೆ ಲೊಡಲೊಡ ಎಂದಿತು. ಡಬ್ಬಿಯೊಳಗೆ ಗುಳುಕ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಆರಲಿ ಎಂದಿದ್ದ ಹುಲುಗೇಶ. ಆರುವವರೆಗೆ ಇಬ್ಬರೂ ಆ ಚೂರು ನೆರಳಿನಲ್ಲಿ ನಿಂತರು. ಮಾರೆಣ್ಣ ಗಳಿಗೆಗೊಮ್ಮೆ ಸೂರ್ಯನನ್ನು ನೋಡುತ್ತಿದ್ದ, ಗಳಿಗೆಗೊಮ್ಮೆ ಅವಳ ಕಾಲನ್ನು ನೋಡುತ್ತಿದ್ದ.

ಹೊರಟರೆ ಮತ್ತೆ ಅದೇ ಹಾಡು. ಕ್ಲಚ್ಚು ಹಿಡಿಯ ಹತ್ತಿರವೇ ಗಬಕ್ಕನೆ ಹಿಡಿಯಿತು, ಗಾಡಿ ಆಫ್. ಎರಡನೆಯ ಸಲವೂ ಆಫ್. ಮಾರೆಣ್ಣನ ಬೆನ್ನಿನ ಮೇಲೆ ಬೆವರು ಹರಿಯಿತು. ಬಳ್ಳಾರಿಯಲ್ಲಿ ಎಷ್ಟು ಸಿಗ್ನಲ್ಲು, ಎಷ್ಟು ಆಟೋ, ಎಷ್ಟು ಸಲ ನಿಂತು ಹೊರಡಬೇಕು!

"ತಡೀರಿ," ಎಂದಳು ಹಿಂದಿನಿಂದ ಯಂಕಮ್ಮ. "ಕ್ಲಚ್ ಹಿಡಿಯೋ ಮುಂದ ಸೀಟು ಒಂಚೂರು ಮಿಸುಕತೈತಿ. ನಿಮಗ ತಿಳಿಯಂಗಿಲ್ಲ, ಹಿಂದ ಕುಂತಾಕಿಗೆ ತಿಳಿತೈತಿ. ನಾ ಹೆಗಲು ಒತ್ತತೀನಿ. ಒತ್ತಿದಾಗ ಬೆರಳು ಅಲ್ಲೇ ನಿಲ್ಲಸ್ರಿ, ಆಕ್ಸಿಲೇಟರ್ ಕೊಡ್ರಿ, ಆಮ್ಯಾಲ ಬಿಡ್ರಿ."

"ನಿನಗ ಹೆಂಗ ತಿಳಿತೈತಿ?"

"ಇಷ್ಟು ವರ್ಷ ಹಿಂದ ಕುಂತು ನಾ ಏನ್ ನಿದ್ದಿ ಮಾಡೀನೇನು?"

ಮಾರೆಣ್ಣ ಬೆರಳು ಸಡಿಲಿಸುತ್ತ ಬಂದ. ಅವಳ ಕೈ ಹೆಗಲನ್ನು ಒತ್ತಿತು. ಬೆರಳು ನಿಲ್ಲಿಸಿದ, ಆಕ್ಸಿಲೇಟರ್ ಕೊಟ್ಟ. ಗಾಡಿ ನೆಗೆಯಲಿಲ್ಲ, ಆಫ್ ಆಗಲಿಲ್ಲ. ತೂಕದ ಮನುಷ್ಯ ಎದ್ದು ನಡೆದಂತೆ ನಿಧಾನ ಮುಂದಕ್ಕೆ ಹೋಯಿತು.

ಬಳ್ಳಾರಿಯ ಕೋಟೆಗುಡ್ಡ ಕಂಡಿತು, ಆಮೇಲೆ ಟ್ರಾಫಿಕ್ಕು. ಒಂದೊಂದು ಸಿಗ್ನಲ್ಲಿನಲ್ಲೂ ಮಾರೆಣ್ಣ ಮೆಲ್ಲಗೆ ಬೆರಳು ಸಡಿಲಿಸುತ್ತಿದ್ದ, ಒಂದೊಂದು ಸಿಗ್ನಲ್ಲಿನಲ್ಲೂ ಆ ಕೈ ಹೆಗಲನ್ನು ಒತ್ತುತ್ತಿತ್ತು. ಅವಳು ಬಿದ್ದಿದ್ದ ಸರ್ಕಲ್ಲೂ ಬಂತು. ಮುಂದೆ ಬಸ್ಸು, ಪಕ್ಕದಲ್ಲಿ ಆಟೋಗಳ ಹಿಂಡು, ಹಿಂದಿನವರ ಹಾರ್ನು. ಯಂಕಮ್ಮನ ಇನ್ನೊಂದು ಕೈ ಅವನ ಸೊಂಟದ ಅಂಗಿಯನ್ನು ಬಿಗಿಯಾಗಿ ಹಿಡಿದಿರುವುದು ಅವನಿಗೆ ತಿಳಿಯಿತು. ಅವಳಿಗೂ ಹೆದರಿಕೆ! ಆದರೂ ಹೆಗಲ ಮೇಲಿನ ಕೈ ಸರಿಯಾದ ಹೊತ್ತಿಗೆ ಒತ್ತಿತು. ಸರ್ಕಲ್ ದಾಟಿದರು.

ನಂದಿನಿ ಬಾಗಿಲಲ್ಲೇ ನಿಂತಿದ್ದಳು. "ಇನ್ನೊಂದು ಚೂರು ತಡ ಆಗಿದ್ರ ಬ್ಯಾರೇದವರಿಗೆ ಹಚ್ಚತಿದ್ದೆ. ಬರ್ರಿ ಬರ್ರಿ," ಎಂದು ಯಂಕಮ್ಮನನ್ನು ಒಳಗೆ ಕರೆದುಕೊಂಡಳು.

ಮಾರೆಣ್ಣ ಹೊರಗಿನ ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದು, ಕಡೆಗೆ ತಾನೇ ಜಯಶ್ರೀಗೆ ಮಾಡಿದ. ಸ್ಕ್ರೂ, ಸೇತುವೆ, ಕೈ, ಎಲ್ಲ ಹೇಳಿದ. ಮುಚ್ಚಿಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಆ ಕಡೆ ಮಗಳು ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ತಿಳಿಯಲಿಲ್ಲ.

"ಅವ್ವ ಏನಂತಾಳ?" ಎಂದು ಕೇಳಿದಳು ಕಡೆಗೆ.

"ಕೇಳಿಲ್ಲ."

"ಕೇಳು. ಆಕಿಗೆ ನಿನ್ನ ಹಿಂದ ಕುಂಡ್ರಾಕ ಹೆದರಿಕಿ ಆಗತೈತಿ ಅಂದ್ರ ನಾಳಿ ಬಂದು ಕರಕೊಂಡ್ ಬರ್ತೀನಿ. ನೀ ಕೇಳಿ ನನಗ ಖರೇ ಹೇಳಬೇಕು ಅಪ್ಪ."

ವಾಪಸು ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ಅವನ ನಾಲಗೆಯ ಮೇಲೇ ಕೂತಿತ್ತು, ಇಳಿಯಲಿಲ್ಲ. ಯಂಕಮ್ಮ ಬಳಲಿ ಅವನ ಬೆನ್ನಿಗೆ ಒರಗಿದ್ದಳು. ಮನೆಗೆ ಬಂದು, ಅವಳನ್ನು ಮಂಚದ ಮೇಲೆ ಕೂರಿಸಿದ ಮೇಲೆ ಅವನು ನೆಲದ ಮೇಲೆ ಕೂತ. ಗೋಡೆಯ ಮೇಲಿನ ಬುದ್ಧನ ಫೋಟೋ ನೋಡುತ್ತ ಕೇಳಿದ:

"ನನ್ನ ಹಿಂದ ಕುಂಡ್ರಾಕ ನಿನಗ ಹೆದರಿಕಿ ಆಗತೈತೇನು?"

"ಆಗತೈತಿ," ಎಂದಳು ಯಂಕಮ್ಮ. ಒಂದು ಕ್ಷಣವೂ ಯೋಚಿಸಲಿಲ್ಲ.

ಮಾರೆಣ್ಣ ತಲೆ ಕೆಳಗೆ ಹಾಕಿದ. ಆಯಿತು. ನಾಳೆ ಬಸ್ಸು.

"ಸಿರುಗುಪ್ಪದಾಗ ಕುಂತ್ರ ಇದಕ್ಕಿಂತ ಹೆಚ್ಚು ಆಗತೈತಿ," ಎಂದಳು ಅವಳು. "ನೀವು ಒಬ್ರ ಈ ಗಾಡಿ ಹೊಡಿಯೋದು ನೆನಸ್ಕೊಂತ ನಾ ಅಲ್ಲೆ ಹೆಂಗ ಇರಲಿ? ಹಿಡೀತು ಅಂತ ಯಾರು ಹೆಗಲು ಒತ್ತಬೇಕು ನಿಮಗ? ಜಯಿಗೆ ಹೇಳ್ರಿ, ಅವ್ವ ಹೆದರ್ಕೊಂತಾಳ, ಆದರ ಹಿಂದ ಕುಂಡ್ರತಾಳ ಅಂತ."

ಮಾರೆಣ್ಣ ಕಣ್ಣು ಒರೆಸಿಕೊಂಡ.

"ಇನ್ನೊಂದು," ಎಂದಳು ಯಂಕಮ್ಮ. "ನಿಮ್ಮ ಬೆರಳು ಸತ್ತಾವು ಅಂತ ನನಗ ಯಾವಾಗೋ ತಿಳಿದೈತಿ. ಬೆರಳು ಒಂದ್ ಕಡೆ ಇಡತಿದ್ರಿ, ಜುಮುಜುಮು ಇನ್ನೊಂದ್ ಕಡೆ ಇರತಿತ್ತು. ನೀವು ಎದ್ದು ಹೋದ ಮ್ಯಾಲ ನಾನ ನೋಡ್ಕೊಂತಿದ್ದೆ."

"ಮತ್ತ ನನಗ ಯಾಕ ಇಡಾಕ ಬಿಟ್ಟಿ?"

"ದಿನಾ ಎರಡು ಹೊತ್ತು ಕೈ ಹಿಡಕೊಂಡು ಕುಂಡ್ರತಿದ್ರಿ. ಯಾಕ ಬ್ಯಾಡ ಅನ್ನಲಿ?"

ಅವಳು ಎಡಗೈ ಮುಂದೆ ಚಾಚಿದಳು. ಮಾರೆಣ್ಣ ಬೆರಳು ಇಡಲಿಲ್ಲ. ನಂದಿನಿ ಹೇಳಿದ ಇನ್ನೊಂದು ಮಾತು ನೆನಪಾಗಿ, ಬಗ್ಗಿ, ಒತ್ತದ ಹಾಗೆ ಅವಳ ಮುಂಗೈಗೆ ಕಿವಿ ಕೊಟ್ಟ. ಮೊದಲು ತನ್ನ ಉಸಿರೇ ಕೇಳಿಸಿತು. ಆಮೇಲೆ ಬಂತು ನೋಡಿ, ಸುಂಯ್, ಸುಂಯ್, ಎಂಟು ದಿನ ಒಣಗಿದ ಪೈಪಿಗೆ ನೀರು ಬರುವಾಗಿನ ಸದ್ದು. ಆ ಸದ್ದು ಕೇಳಿಯೇ ಅಲ್ಲವೇ ಅವನು ಜೀವಮಾನ ಕಳೆದದ್ದು!

"ಐತೇನ್ರಿ?" ಎಂದು ಕೇಳಿದಳು ಯಂಕಮ್ಮ.

"ಐತಿ," ಎಂದ ಮಾರೆಣ್ಣ. ಕಿವಿ ತೆಗೆಯಲಿಲ್ಲ.

"ಹಂಗಾರ ನನ್ನ ಪಾಲಿಂದು ಅರ್ಧ ಲೋಟ ಇನ್ನೂ ಉಳದೈತಿ. ನೀರು ಬಿಡ್ರಿ, ನೀರಗಂಟಿ."

ಮಾರೆಣ್ಣ ಎದ್ದು ಹೋಗಿ ಅರ್ಧ ಲೋಟ ಅಳೆದು ತಂದ. ಬಲಗೈಯಲ್ಲಿ ಹಿಡಿದಿದ್ದ, ಜಾರದಿರಲಿ ಎಂದು ಎಡಗೈಯನ್ನು ಕೆಳಗೆ ಇಟ್ಟಿದ್ದ.